ಹದಿನೇಳರ ಹುಡುಗಿ ಮತ್ತು ನಮ್ಮ ಪಿ.ಟಿ. ಪೀರಿಯಡ್

ಟೆನಿಸ್ ಎಂದರೆ ನಮ್ಮ ತಾಳವಾಡಿ ಬೆಟ್ಟದ ಮಕ್ಕಳಿಗೆ ಟಿ.ವಿ.ಯೊಳಗಿನ ಆಟ. ಇಲ್ಲಿ ಹುಡುಗಿಯರು ಆಡುವುದು ಖೋ-ಖೋ, ರಿಂಗ್. ಆದರೆ ದೊಡ್ಡ ಮಹಿಳಾ ಟೂರ್ನಿ ನಮ್ಮ ಭಾಷೆಯ ರಾಜಧಾನಿಗೂ ಬಂದಿತ್ತು, ನಮ್ಮ ರಾಜ್ಯದ ರಾಜಧಾನಿಗೂ ಬಂದಿದೆ. 2008ರಲ್ಲಿ ಬೆಂಗಳೂರು ಓಪನ್ ಸಿಂಗಲ್ಸ್ ಗೆದ್ದವರು ಸೆರೆನಾ ವಿಲಿಯಮ್ಸ್. ಸೆಮಿಫೈನಲ್‌ನಲ್ಲಿ ಸ್ವಂತ ಅಕ್ಕ ವೀನಸ್‌ರನ್ನೇ ಸೋಲಿಸಿದ್ದರು!

ನಾನು ಮಕ್ಕಳಿಗೆ ಹೇಳುವುದು ಮಾತ್ರ 2022ರ ಚೆನ್ನೈ ಓಪನ್ ಕಥೆ. ಸೆಪ್ಟೆಂಬರ್ 18, ನುಂಗಂಬಾಕ್ಕಂ ಕ್ರೀಡಾಂಗಣದಲ್ಲಿ ಫೈನಲ್. ಜೆಕ್ ದೇಶದ ಲಿಂಡಾ ಫ್ರುಹ್ವಿರ್ತೋವಾಗೆ ಆಗ 17 ವರ್ಷ, ನಮ್ಮಲ್ಲಿ ಪ್ಲಸ್ ಟೂ ಓದುವ ವಯಸ್ಸು. ಎದುರಿಗೆ 30 ವರ್ಷದ ಅನುಭವಿ, ಪೋಲೆಂಡಿನ ಮಗ್ದಾ ಲಿನೆಟ್. ಮೊದಲ ಸೆಟ್ ಹೋಯಿತು. ಮೂರನೆಯದರಲ್ಲಿ 1-4 ಹಿಂದೆ. ಅಲ್ಲಿಂದ ಸತತ ಐದು ಗೇಮ್ ಗೆದ್ದಳು: 4-6, 6-3, 6-4. ಟೆನಿಸ್‌ನಲ್ಲಿ ಹೊತ್ತಾಯಿತೆಂದು ಯಾರೂ ಸೀಟಿ ಊದುವುದಿಲ್ಲ ನೋಡಿ.

ನಾವು ಬೇಗ ಊದುತ್ತೇವೆ. ಹುಡುಗಿ ಎಂಟನೇ ತರಗತಿಗೆ ಬಂದಳೆಂದರೆ ಮನೆಯವರು ಆಟ ಸಾಕು ಎನ್ನುತ್ತಾರೆ. ಪರೀಕ್ಷೆ ಬಂದರೆ ಪಿ.ಟಿ. ಪೀರಿಯಡ್ಡನ್ನು ಮೇಷ್ಟ್ರುಗಳಾದ ನಾವೇ ಪಾಠಕ್ಕೆ ಕಿತ್ತುಕೊಳ್ಳುತ್ತೇವೆ. ನಾನೂ ಕಿತ್ತುಕೊಂಡಿದ್ದೇನೆ, ಸುಳ್ಳೇಕೆ? ಟೆನಿಸ್ ಅಂಗಳ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ಆ ಪೀರಿಯಡ್ಡನ್ನು ಹುಡುಗಿಯರಿಗೆ ಬಿಟ್ಟುಬಿಡೋಣ. ಈ ವರ್ಷ ನನ್ನ ತರಗತಿಯಿಂದಲೇ ಶುರು.