ಕಾರಣವಿಲ್ಲದ ಆದೇಶ

ಬೀದರಿನ ನೌಬಾದದ ಸುರಂಗಬಾವಿಯನ್ನು ಕಂಡವರೆಲ್ಲರೂ ಬಲ್ಲಂತೆ, ಬಹಮನೀ ಅರಸರ ಕಾಲದಿಂದ ನೆಲದಡಿಯಲ್ಲಿ ಹರಿದುಬಂದ ಆ ನೀರಿಗೆ ಮೇಲಿನಿಂದ ಅಲ್ಲಲ್ಲಿ ಗಾಳಿಬಾವಿಗಳನ್ನು ತೋಡಿರುವರು. ಕಾಲುವೆ ಎಲ್ಲಿ ಹೂಳಿತೆಂಬುದನ್ನು ಆ ಬಾಯಿಗಳಿಂದ ಇಳಿದೇ ಕಾಣಬೇಕು. ಸರ್ಕಾರಿ ಆದೇಶದಲ್ಲಿ ಬರೆದ ಕಾರಣಗಳೂ ಅಂತಹವೇ.

ಔರಾದಿನ ಅಥವಾ ಭಾಲ್ಕಿಯ ರೈತನೊಬ್ಬನ ಖಾತೆಬದಲಾವಣೆಯ ತಕರಾರು, 1964ರ ಭೂಕಂದಾಯ ಕಾಯಿದೆಯ 136ನೆಯ ಪ್ರಕರಣದ ಮೇರೆಗೆ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿಯಾಗಿ, ಜಿಲ್ಲಾಧಿಕಾರಿಯ ಮುಂದೆ ಪುನರೀಕ್ಷಣೆಯಾಗಿ, ಅಲ್ಲಿಯೂ ಸೋತರೆ ಸಂವಿಧಾನದ 226 ಮತ್ತು 227ನೆಯ ಅನುಚ್ಛೇದಗಳನ್ನು ನೆಚ್ಚಿ ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠವನ್ನು ಸೇರುವುದು. 1956ರಿಂದ ಈ ಜಿಲ್ಲೆಯ ಜನ ರಿಟ್ ಅರ್ಜಿಗಾಗಿ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾಗಿದ್ದಿತು. 2008ರಲ್ಲಿ ಸಂಚಾರಿ ಪೀಠವೂ 2013ರಲ್ಲಿ ಖಾಯಂ ಪೀಠವೂ ಕಲಬುರಗಿಗೆ ಬಂದುದು ಅಲ್ಪ ಉಪಕಾರವಲ್ಲ. ಆದರೆ ದಾರಿ ಹತ್ತಿರವಾದ ಮಾತ್ರಕ್ಕೆ ನ್ಯಾಯವು ಹತ್ತಿರವಾಗದು.

ಅಲ್ಲಿನ ವಕೀಲನ ಕೆಲಸವನ್ನು ಜನರು ವಾಗ್ವೈಭವವೆಂದು ಬಗೆಯುವರು. ವಾಸ್ತವವಾಗಿ ಅದು ಏಕಾಂತದ ಓದು. ಕಡತವನ್ನು ಬಿಚ್ಚಿ, ನಿಜಾಮನ ಆಳ್ವಿಕೆಯ ಉರ್ದು ದಾಖಲೆಯನ್ನು ಬಲ್ಲವರಿಂದ ಓದಿಸಿ, ಖಾಸ್ರಾ ಪಹಣಿಯ ಹೆಸರನ್ನು ಇಂದಿನ ಪಹಣಿಯ ಹೆಸರಿನೊಡನೆ ತಾಳೆನೋಡಿ, ನೋಟೀಸು ಹೊರಟ ದಿನಾಂಕ ಯಾವುದು, ಅದು ಕಕ್ಷಿದಾರನ ಕೈಸೇರಿದ ದಿನಾಂಕ ಯಾವುದು, ವಿಚಾರಣೆ ಅದಕ್ಕೂ ಮೊದಲೇ ಮುಗಿದಿತ್ತೇ ಎಂಬುದನ್ನು ಆತನು ಹಾಳೆಹಾಳೆಯಾಗಿ ಪರೀಕ್ಷಿಸುವನು. ರಿಟ್ ನ್ಯಾಯಾಲಯವು ಜಮೀನು ಯಾರದೆಂದು ಸಾಕ್ಷ್ಯವನ್ನು ಹೊಸದಾಗಿ ತೂಗದು. ನಿರ್ಣಯ ಮಾಡಿದ ಬಗೆಯು ನ್ಯಾಯಸಮ್ಮತವಾಗಿದ್ದಿತೇ ಎಂದಷ್ಟೇ ಮುಖ್ಯವಾಗಿ ಕೇಳುವುದು. ಹೀಗೆ ಹುಡುಕುತ್ತ ಕಟ್ಟಕಡೆಯ ಹಾಳೆಗೆ ಬಂದರೆ, ‘ಅರ್ಜಿಯನ್ನು ಪರಿಶೀಲಿಸಲಾಗಿ, ತಿರಸ್ಕರಿಸಲಾಗಿದೆ’ ಎಂಬ ಒಂದೇ ಸಾಲು ಕಾಣುವ ಸಂದರ್ಭಗಳುಂಟು. ಇಳಿಯುವುದಕ್ಕೆ ಬಾಯಿಯೇ ಇಲ್ಲ.

ಅಧಿಕಾರಿಯ ಆದೇಶವು ಅದರಲ್ಲಿಯೇ ಹೇಳಿದ ಕಾರಣಗಳಿಂದ ನಿಲ್ಲಬೇಕೇ ಹೊರತು, ಅನಂತರ ಪ್ರಮಾಣಪತ್ರದಲ್ಲಿ ಹೆಣೆದ ಸಮರ್ಥನೆಯಿಂದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಕಾರಣವಿಲ್ಲದ ಆದೇಶವು ಅನೇಕ ವೇಳೆ ರದ್ದಾಗುವುದು. ಆದರೆ ರದ್ದಾಗಿ ಹೋಗುವುದೆಲ್ಲಿಗೆ? ಮರುವಿಚಾರಣೆಗೆಂದು ಹೊರಟಲ್ಲಿಗೇ. ವಕೀಲನು ಗೆದ್ದನು, ಕಾನೂನು ಗೆದ್ದಿತು. ರೈತನಾದರೋ ವರ್ಷಗಳನ್ನು ತೆತ್ತು ಅದೇ ಕಚೇರಿಯ ಬಾಗಿಲಲ್ಲಿ ಮತ್ತೆ ನಿಂತನು.

ಕಡತಗಳ ಭಾರದಲ್ಲಿ ಕಾರಣ ಬರೆಯಲು ಪುರುಸೊತ್ತೆಲ್ಲಿ ಎಂದು ಅಧಿಕಾರಿಗಳು ಹೇಳುವರು. ಅವರ ಶ್ರಮವನ್ನು ನಾನು ಅಲ್ಲಗಳೆಯೆನು. ಆದರೆ ತಾಲೂಕಿನಲ್ಲಿ ಉಳಿಸಿದ ಅರ್ಧ ಗಂಟೆಯ ಬೆಲೆಯನ್ನು ಕಲಬುರಗಿಯಲ್ಲಿ ಬಡವನು ತೆರುವುದು ಧರ್ಮವಲ್ಲ. ಅರ್ಜಿದಾರನು ಏನೆಂದನು, ಯಾವ ದಾಖಲೆಯನ್ನು ನೋಡಿದೆವು, ಏಕೆ ಒಪ್ಪಲಿಲ್ಲ: ಈ ಮೂರನ್ನು ಅವನಿಗೆ ತಿಳಿವ ಕನ್ನಡದಲ್ಲಿ ಬರೆದು, ನಕಲನ್ನು ಅವನ ಕೈಗೆ ಕೊಟ್ಟರೆ, ಎಷ್ಟೋ ವ್ಯಾಜ್ಯಗಳು ಬೀದರಿನ ಗಡಿಯನ್ನು ದಾಟಲಾರವು. ಸೋತವನಿಗೂ ತಾನೇಕೆ ಸೋತೆನೆಂದು ತಿಳಿಯುವ ಹಕ್ಕುಂಟು.