ಬೆಂಕಿಗೆ ಕರಗದ ಬಟ್ಟೆ

ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಅಂಥ ಸೆಕೆಯಲ್ಲಿ ಮೈಮೇಲೆ ಬಟ್ಟೆ ಕಡಿಮೆಯಿದ್ದಷ್ಟೂ ಜೀವಕ್ಕೆ ಹಿತ. ಅದೇ ಊರಿನಲ್ಲಿ ವೆಲ್ಡಿಂಗ್ ಮಾಡುವವನಿಗೆ ಮಾತ್ರ ಎಷ್ಟೇ ಬೆವರಿದರೂ ಚರ್ಮದ ಏಪ್ರನ್ನು, ಕೈಗವಸು ಬೇಕೇ ಬೇಕು. ಒಬ್ಬನ ಶತ್ರು ಸೆಕೆ, ಇನ್ನೊಬ್ಬನದು ಕಿಡಿ. ಸಣ್ಣ ವಿಮಾನ ಹಾರಿಸುವವರಿಗೆ ಎರಡೂ ಉಂಟು: ಸೆಕೆ ದಿನಾ ಕಾಡುತ್ತದೆ, ಬೆಂಕಿ ಬಹುಶಃ ಎಂದೂ ಬರುವುದಿಲ್ಲ. ಹೀಗಿರುವಾಗ ಯಾವುದಕ್ಕೆ ತಕ್ಕಂತೆ ಉಡುಪು ತೊಡಬೇಕು?

ವಿಮಾನ ಬಿದ್ದ ಮೇಲೆ ಬಟ್ಟೆ ಏನು ಮಾಡೀತು ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸೆಸ್ನಾ 172ರಂಥ ವಿಮಾನ ನೆಲ ಮುಟ್ಟುವ ವೇಗ ಹೆದ್ದಾರಿಯ ಕಾರಿನ ವೇಗಕ್ಕಿಂತ ಬಹಳ ಹೆಚ್ಚೇನಲ್ಲ. ಇಳಿಯುವಾಗ ಎಡವಟ್ಟಾದರೂ ಪೆಟ್ಟಿನಿಂದ ಬದುಕುಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಇಂಧನ ಇರುವುದು ರೆಕ್ಕೆಯೊಳಗೆ. ರೆಕ್ಕೆ ಹರಿದು ಪೆಟ್ರೋಲ್ ಹೊತ್ತಿದರೆ ಬೆಲ್ಟ್ ಬಿಚ್ಚಿ, ಬಾಗಿಲು ತೆರೆದು ಓಡಲು ಸಿಗುವುದು ಕೆಲವೇ ಸೆಕೆಂಡು. ಬಟ್ಟೆಯಿಂದ ನಾವು ಕೇಳುವುದು ಆ ಸೆಕೆಂಡುಗಳನ್ನಷ್ಟೇ. ಬೆಲ್ಟ್ ಬಿಚ್ಚಬೇಕಾದ್ದು ಬೆರಳುಗಳು. ಆದ್ದರಿಂದ ಅಂಗಿಗಿಂತ ಮೊದಲು ಕೈಗವಸಿನ ಮಾತಾಡಬೇಕು. ತೆಳು ಚರ್ಮದ್ದಾದರೂ ಸರಿ.

ನೋಮೆಕ್ಸ್ ಎಂಬ ಬೆಂಕಿ ತಡೆಯುವ ನೂಲಿನ ಸೂಟು ಕರಗುವುದಿಲ್ಲ; ಉರಿ ತಾಗಿದಾಗ ಕರಿದಾಗಿ, ದಪ್ಪಗಾಗಿ ಸ್ವಲ್ಪ ಹೊತ್ತು ಶಾಖವನ್ನು ತಡೆಯುತ್ತದೆ. ತಗ್ಗಿನಲ್ಲಿ ಹಾರುವವರು, ಕಸರತ್ತಿನ ಹಾರಾಟ ನಡೆಸುವವರು ಅದನ್ನೇ ತೊಡಬೇಕು. ಅದರಡಿ ನೈಲಾನ್ ಬನಿಯನ್ ಇದ್ದರೆ ಮಾತ್ರ ದುಡ್ಡು ದಂಡ. ನೈಲಾನ್, ಪಾಲಿಯೆಸ್ಟರ್ ಸುಮಾರು 220ರಿಂದ 260 ಡಿಗ್ರಿಯಲ್ಲೇ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಒಲೆಯ ಮುಂದೆ ಸಿಂಥೆಟಿಕ್ ಸೀರೆ ಉಡಬೇಡ ಎಂದು ನಮ್ಮ ಮನೆಗಳಲ್ಲಿ ಎಚ್ಚರಿಸುವುದು ಇದಕ್ಕೇ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಉಣ್ಣೆ ಇನ್ನೂ ಮೇಲು: ಉರಿಯಿಂದ ದೂರ ಸರಿದೊಡನೆ ಸಾಮಾನ್ಯವಾಗಿ ತಾನೇ ನಂದುತ್ತದೆ. ಮೈಗೆ ಬೆಂಕಿ ಹತ್ತಿದವರ ಮೇಲೆ ಹಿರಿಯರು ಕಂಬಳಿ ಹೊದಿಸುತ್ತಿದ್ದುದು ಸುಮ್ಮನೆ ಅಲ್ಲ. ರೇಷ್ಮೆಯೂ ನೈಲಾನಿನಂತೆ ಕರಗಿ ಅಂಟುವಂಥದ್ದಲ್ಲ.

ಎಲ್ಲಕ್ಕಿಂತ ನನ್ನನ್ನು ಚುಚ್ಚುವುದು ಟೆರಿಕಾಟ್. ಹಾರಾಟ ಕಲಿಯುವವರ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಕೆಡಬಾರದೆಂದು ಈ ಬೆರಕೆ ಬಟ್ಟೆ ಆರಿಸುವುದುಂಟು. ಹತ್ತಿಯ ಎಳೆ ಬತ್ತಿಯಂತೆ ಉರಿದರೆ ಪಾಲಿಯೆಸ್ಟರ್ ಎಳೆ ಕರಗುತ್ತದೆ. ಎರಡರ ಕೇಡೂ ಒಂದೇ ಅಂಗಿಯಲ್ಲಿ. ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿನ ಜಕ್ಕೂರಿಗೆ ಹಾರಾಟ ಕಲಿಯಲು ಹೋಗುವ ಹುಡುಗಿಗೆ ನೋಮೆಕ್ಸ್ ಕೊಳ್ಳು ಎನ್ನುವುದು ಸುಲಭ. ಸಾಲ ಮಾಡಿ ಶುಲ್ಕ ಕಟ್ಟಿದ ಮನೆಯವರಿಗೆ ಅದು ಇನ್ನೊಂದು ಹೊರೆ. ಏಪ್ರಿಲ್ ಬಿಸಿಲಲ್ಲಿ ಎಸಿ ಇಲ್ಲದ ಕಾಕ್‌ಪಿಟ್‌ನಲ್ಲಿ ದಪ್ಪ ಸೂಟು ತೊಟ್ಟು ಬಳಲಿದರೆ ಗಮನ ತಪ್ಪುವ ಅಪಾಯವೂ ಇದೆ. ಶುದ್ಧ ಹತ್ತಿಯ ತುಂಬು ತೋಳಿನ ಸಡಿಲ ಅಂಗಿ, ಹತ್ತಿಯ ಒಳಉಡುಪು, ಕಣಕಾಲು ಮುಚ್ಚುವ ಚರ್ಮದ ಬೂಟು: ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ, ಸೆಕೆಗೂ ಇದೇ ಮೇಲು. ಸಡಿಲ ಅಂಗಿಯೊಳಗಿನ ಗಾಳಿಯೂ ಶಾಖ ತಡೆಯುತ್ತದೆ. ಎಣ್ಣೆ ಕಲೆಯಾದ ಅಂಗಿಯನ್ನು ಒಗೆಯದೆ ತೊಡಬಾರದು.

ಯೂನಿಫಾರ್ಮ್ ಆರಿಸುವುದು ವಿದ್ಯಾರ್ಥಿಯಲ್ಲ, ಹಾರಾಟ ಕಲಿಸುವ ಶಾಲೆ. ದರ್ಜಿಗೆ ಕೊಡುವ ಚೀಟಿಯಲ್ಲಿ ಬಣ್ಣ, ಅಳತೆಗಿಂತ ಮೊದಲು ನೂಲು ಯಾವುದೆಂದು ಬರೆಯುವ ಹೊಣೆಯೂ ಶಾಲೆಯದೇ.