ಹರಿದ ಸರಪಳಿಗೆ ಸುಳ್ಳಿನ ಕೊಂಡಿ

ನಮ್ಮ ಅನೇಕ ಮನೆಗಳ ಪಡಸಾಲೆಯಲ್ಲಿ ಹಸಿರು ಅಂಚಿನ ಚೌಕಟ್ಟೊಂದು ತೂಗುತ್ತಿರುತ್ತದೆ. ಅದರಲ್ಲಿ ಮನೆಯ ಯಜಮಾನನಿಂದ ಆರಂಭವಾಗಿ ಅರೇಬಿಯಾದ ಯಾವುದಾದರೊಂದು ಮಹಾ ಮನೆತನಕ್ಕೆ ಮುಟ್ಟುವ ಶಜರಾ, ಅಂದರೆ ವಂಶವೃಕ್ಷ ಇರುತ್ತದೆ. ಅಂಥದೊಂದನ್ನು ಇಪ್ಪತ್ತು ವರ್ಷಗಳ ಹಿಂದೆ ನಾನೇ ಬರೆದೆ. ಮದ್ರಸಾದಿಂದ ಹೊರಬಂದ ಹೊಸತು, ಅಕ್ಷರ ದುಂಡಗಿತ್ತು. ಹಿರಿಯ ಬಂಧುವೊಬ್ಬರು ಹೆಸರುಗಳ ಪಟ್ಟಿ ಕೊಟ್ಟು, "ಮೌಲವಿ ಸಾಹೇಬರೇ, ಚೆನ್ನಾಗಿ ಬರೆದುಕೊಡಿ" ಎಂದರು. ಎಲ್ಲಿಂದ ತಂದಿರಿ ಎಂದು ನಾನು ಕೇಳಲಿಲ್ಲ. ಈ ಲೇಖನ ಆ ಕೇಳದ ಪ್ರಶ್ನೆಗೆ ತಡವಾಗಿ ಸಲ್ಲಿಸುತ್ತಿರುವ ಪ್ರಾಯಶ್ಚಿತ್ತ.

ನಮ್ಮ ಮನೆತನದ ಬಗ್ಗೆ ದಾಖಲೆ ಹೇಳುವುದು ಇಷ್ಟೇ: ನಾನು, ನನ್ನ ತಂದೆ, ಅಜ್ಜ, ಮುತ್ತಜ್ಜ, ಅವರ ತಂದೆ. ಐದನೆಯವರ ಗೋರಿಕಲ್ಲು ಊರಿನ ಖಬರಸ್ತಾನದಲ್ಲಿದೆ. ಅದರ ಮೇಲೆ ಹಿಜರಿ 1294 ಎಂದಿದೆ, ಅಂದರೆ 1877. ಅವರ ತಂದೆಯ ಹೆಸರು ಕಲ್ಲಿನಲ್ಲಿಲ್ಲ. ಅದು ಮೈಸೂರು ಸೀಮೆಯ ಮಹಾ ಬರಗಾಲದ ಕಾಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಊರೂರುಗಳೇ ಬರಿದಾದಾಗ ಯಾರ ತಂದೆ ಯಾರೆಂದು ಬರೆದಿಡಲು ಉಳಿದವರಾದರೂ ಯಾರು? ಅಲ್ಲಿ ನಮ್ಮ ಸರಪಳಿ ಹರಿದಿದೆ. ಹರಿದದ್ದರಲ್ಲಿ ಅವಮಾನವೇನೂ ಇಲ್ಲ. ಆದರೆ ನಾನು ಬರೆದ ಶಜರಾದಲ್ಲಿ ಆ ಐದನೆಯವರಿಂದ ಪ್ರವಾದಿ(ಸ)ಯವರ ಮನೆತನದವರೆಗೆ ಹತ್ತೊಂಬತ್ತು ಹೆಸರುಗಳು ಎಲ್ಲೂ ಮುರಿಯದೆ ಸಾಗಿದ್ದವು!

ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ವಂಶಾವಳಿಯನ್ನು ಪರೀಕ್ಷಿಸಲು ಸರಳವಾದ ಲೆಕ್ಕವೊಂದನ್ನು ಕೊಟ್ಟಿದ್ದಾರೆ: ಒಂದು ಶತಮಾನಕ್ಕೆ ಸುಮಾರು ಮೂರು ತಲೆಮಾರು. ಪ್ರವಾದಿ(ಸ)ಯವರು ಈ ಲೋಕವನ್ನು ಅಗಲಿದ್ದು 632ರಲ್ಲಿ. ಅಲ್ಲಿಂದ ಹತ್ತೊಂಬತ್ತನೇ ಶತಮಾನದ ನಡುವಿಗೆ ಸುಮಾರು ಸಾವಿರದ ಇನ್ನೂರು ವರ್ಷ; ಅಂದರೆ ಮೂವತ್ತಾರು ತಲೆಮಾರುಗಳ ಆಸುಪಾಸು. ಹತ್ತೊಂಬತ್ತೇ ಹೆಸರು ಸಾಕಾಗಬೇಕಾದರೆ ಪ್ರತಿಯೊಬ್ಬ ಪೂರ್ವಜನಿಗೂ ಅರುವತ್ತು ದಾಟಿದ ಮೇಲೆಯೇ ಮಗ ಹುಟ್ಟಿರಬೇಕು. ಈ ಕೂಡಿ ಕಳೆಯುವ ಲೆಕ್ಕವನ್ನು ಮಾಡಲು ಆಲಿಮನಾಗಿದ್ದ ನನಗೆ ಹದಿನೈದು ವರ್ಷ ಬೇಕಾಯಿತು.

ಇದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿದೆ. ಹದೀಸ್ ಶಾಸ್ತ್ರದ ಮೊದಲ ಪಾಠವೇ ಸನದ್. ವರದಿಗಾರರ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಅದು ಮುನ್‌ಖತಿ. ಒಬ್ಬ ವರದಿಗಾರನ ಪರಿಚಯ ತಿಳಿಯದಿದ್ದರೂ ಆತ ಮಜ್‌ಹೂಲ್. ಪ್ರವಾದಿವರ್ಯರ(ಸ) ಮಾತಿಗೇ ಇಷ್ಟು ಕಟ್ಟುನಿಟ್ಟಿನ ಪರೀಕ್ಷೆಯನ್ನು ಒಡ್ಡುವ ನಾವು, ನಮ್ಮ ಅಜ್ಜನ ಅಜ್ಜನ ವಿಷಯ ಬಂದಾಗ ಎಲ್ಲ ಪರೀಕ್ಷೆಗಳನ್ನೂ ಚಪ್ಪಲಿಯ ಜೊತೆ ಹೊಸ್ತಿಲ ಹೊರಗೇ ಬಿಟ್ಟು ಬರುತ್ತೇವೆ.

ತಂದೆಯ ಹೆಸರು ತಿಳಿಯದಾಗ ಏನು ಮಾಡಬೇಕೆಂಬುದನ್ನು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ತಿಳಿಸಿದೆ. ಹ. ಝೈದ್(ರ)ರನ್ನು ಜನರು ಮುಹಮ್ಮದರ ಮಗ ಝೈದ್ ಎಂದು ಕರೆಯುತ್ತಿದ್ದರು. ಅದಕ್ಕಿಂತ ಗೌರವದ ಹೆಸರು ಯಾವುದಿದೆ? ಆದರೂ ಅಲ್‌ಅಹ್‌ಝಾಬ್ ಅಧ್ಯಾಯದ 5ನೇ ವಚನ ಅವತೀರ್ಣವಾದ ಮೇಲೆ ಅವರು ಮತ್ತೆ ಹಾರಿಸರ ಮಗ ಝೈದ್ ಆದರು. ಅದೇ ವಚನವು ತಂದೆ ಯಾರೆಂದು ತಿಳಿಯದವರನ್ನು ಧರ್ಮದಲ್ಲಿ ಸಹೋದರರೆಂದೂ ಆಪ್ತರೆಂದೂ ಪರಿಗಣಿಸಲು ಹೇಳುತ್ತದೆ. ಖಾಲಿ ಜಾಗವನ್ನು ಸುಳ್ಳು ಹೆಸರಿನಿಂದ ತುಂಬಲು ಅಲ್ಲಿ ಅನುಮತಿಯಿಲ್ಲ. ತಿಳಿದೂ ತಿಳಿದೂ ತಂದೆಯಲ್ಲದವನನ್ನು ತಂದೆಯೆಂದು ಹೇಳಿಕೊಳ್ಳುವವನಿಗೆ ಸ್ವರ್ಗ ನಿಷಿದ್ಧವೆಂಬ ಎಚ್ಚರಿಕೆ ಸಹೀಹ್ ಬುಖಾರಿಯಲ್ಲಿದೆ. ಆ ಗ್ರಂಥವನ್ನು ಸಂಗ್ರಹಿಸಿದ ಇಮಾಮ್ ಬುಖಾರಿ(ರ)ಯವರ ವಂಶಾವಳಿಯಾದರೂ ಎಲ್ಲಿಗೆ ಮುಟ್ಟುತ್ತದೆ? ಬರ್ದಿಝ್‌ಬಹ್ ಎಂಬ ಅಗ್ನಿಪೂಜಕನಿಗೆ. ಚರಿತ್ರಕಾರರು ಅದನ್ನು ಮುಚ್ಚಿಡಲಿಲ್ಲ. ಇಮಾಮರ ಘನತೆ ಒಂದು ಎಳ್ಳಿನಷ್ಟೂ ಕುಂದಲಿಲ್ಲ. ನಮ್ಮ ಹಿರಿಯರು ಇದೇ ಮಣ್ಣಿನ ರೈತರೋ ನೇಕಾರರೋ ಆಗಿದ್ದು, ಸತ್ಯವನ್ನು ಅರಿತು ಇಸ್ಲಾಮನ್ನು ಸ್ವೀಕರಿಸಿದವರಾಗಿದ್ದರೆ ಅದು ಮರೆಮಾಚಬೇಕಾದ ಸಂಗತಿಯೇ?

"ಇದರಿಂದ ಯಾರಿಗೇನು ನಷ್ಟ? ಪ್ರವಾದಿ ಕುಟುಂಬದ ಮೇಲಿನ ಪ್ರೀತಿಯಲ್ಲವೇ?" ಎಂದು ಕೆಲವರು ಕೇಳುತ್ತಾರೆ. ನಿಜವಾದ ದಾಖಲೆಯಿರುವ ಸಯ್ಯಿದ್ ಮನೆತನಗಳಿವೆ, ಅವರನ್ನು ಗೌರವಿಸೋಣ. ಆದರೆ ನಷ್ಟ ಯಾರಿಗೆಂದು ಕೇಳುವವರಿಗೆ ನನ್ನ ಸೋದರತ್ತೆಯ ವಿಷಯ ಹೇಳುತ್ತೇನೆ. ಬನೂ ಹಾಶಿಮರಿಗೆ ಝಕಾತ್ ಸಲ್ಲದೆಂಬುದು ಬಹುಪಾಲು ಫಿಕ್‌ಹ್ ವಿದ್ವಾಂಸರ ಅಭಿಪ್ರಾಯ. ಗಂಡನನ್ನು ಕಳೆದುಕೊಂಡು ಬೀಡಿ ಕಟ್ಟುತ್ತಿದ್ದ ಆಕೆ, ನಾನು ಬರೆದ ಕಾಗದವನ್ನು ನಂಬಿ, ಪ್ರತಿ ರಮಝಾನ್‌ನಲ್ಲೂ ಮನೆ ಬಾಗಿಲಿಗೆ ಬಂದ ಝಕಾತನ್ನು ಹಿಂದಕ್ಕೆ ಕಳುಹಿಸಿದರು. ಅಲ್ಲಾಹನು ಆಕೆಗೆ ನೀಡಿದ್ದ ಹಕ್ಕನ್ನು ನನ್ನ ದುಂಡಗಿನ ಅಕ್ಷರ ಕಸಿದುಕೊಂಡಿತು. ಅದೇ ಕಾಗದವನ್ನು ತೋರಿಸಿ, ದೀನದಾರನೂ ವಿದ್ಯಾವಂತನೂ ಆದ ಹುಡುಗನೊಬ್ಬನ ಸಂಬಂಧವನ್ನು "ಅವರ ಕುಲ ನಮಗೆ ಸಮವಲ್ಲ" ಎಂದು ನಮ್ಮವರು ತಿರಸ್ಕರಿಸಿದರು. ಆ ಹುಡುಗನ ಮನೆಯವರು ಏಳು ತಲೆಮಾರು ಲೆಕ್ಕ ಹೇಳಬಲ್ಲರು. ನಮಗೆ ಐದಕ್ಕಿಂತ ಮುಂದೆ ದಾರಿಯಿಲ್ಲ.

ಹಾಗಾದರೆ ವಂಶವನ್ನು ಹುಡುಕುವುದೇ ತಪ್ಪೇ? ಖಂಡಿತ ಅಲ್ಲ. ಬಂಧುತ್ವವನ್ನು ಕಾಯಲು ಬೇಕಾಗುವಷ್ಟು ವಂಶಜ್ಞಾನವನ್ನು ಕಲಿಯಿರೆಂದು ಪ್ರವಾದಿವರ್ಯರೇ(ಸ) ಹೇಳಿದ್ದಾರೆ. ಹುಡುಕೋಣ, ಆದರೆ ಪ್ರಾಮಾಣಿಕವಾಗಿ. ಮಸೀದಿಯ ನಿಕಾಹ್ ಪುಸ್ತಕ, ಖಾಝಿ ಮನೆತನದ ಹಳೆಯ ಕಡತ, ಇನಾಮು ಸನದು, ವಕ್ಫ್ ಪತ್ರ, ಕಂದಾಯ ಕಚೇರಿಯ ಜಮೀನು ದಾಖಲೆ, ಗೋರಿಕಲ್ಲು - ಇವುಗಳನ್ನು ನೋಡೋಣ. ಇಸವಿಯ ವಿಷಯದಲ್ಲಿ ಎಚ್ಚರವಿರಲಿ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರು ಭಾಗದ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಫಸಲಿ 1294 ಎಂದರೆ 1884-85. ಅದನ್ನು ಹಿಜರಿಯೆಂದು ಓದಿದರೆ ಏಳೆಂಟು ವರ್ಷ ತಪ್ಪುತ್ತದೆ, ಮಗ ತಂದೆಗಿಂತ ಮೊದಲು ಹುಟ್ಟುತ್ತಾನೆ! ಹೆಣ್ಣುಮಕ್ಕಳ ಹೆಸರುಗಳನ್ನೂ ಬರೆಯೋಣ. ಗೋಡೆಯ ಶಜರಾಗಳಲ್ಲಿ ತಾಯಂದಿರಿಲ್ಲ; ಆದರೆ ಮೆಹರ್ ಬರೆದ ನಿಕಾಹ್‌ನಾಮೆಯಲ್ಲಿ, ಆಸ್ತಿ ಪಾಲಿನ ಪತ್ರದಲ್ಲಿ ಅವರಿದ್ದಾರೆ. ಏಕೆಂದರೆ ಶರೀಅತ್ತು ಅವರಿಗೆ ಪಾಲು ಕೊಟ್ಟಿದೆ. ಬರೆಯುವಾಗ ಪ್ರತಿ ಹೆಸರಿನ ಮುಂದೆ ಕಂಡದ್ದೋ, ಹಿರಿಯರಿಂದ ಕೇಳಿದ್ದೋ, ಊಹೆಯೋ ಎಂದು ಗುರುತು ಹಾಕೋಣ. ಗೊತ್ತಿಲ್ಲದ ಕಡೆ ಜಾಗವನ್ನು ಖಾಲಿ ಬಿಡೋಣ.

ಹೋದ ವರ್ಷ ನಮ್ಮ ಮನೆಯ ಚೌಕಟ್ಟನ್ನು ಇಳಿಸಿದೆ. ಹಿರಿಯ ಬಂಧು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಸೋದರತ್ತೆಯ ಕಾಲ ಬಳಿ ಕುಳಿತು ಸತ್ಯವನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಯಾಕಪ್ಪಾ ಹೇಳಲಿಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅದೇ ಚೌಕಟ್ಟಿನಲ್ಲಿ ಐದು ಹೆಸರುಗಳಿವೆ. ಐದನೆಯದರ ಮೇಲೆ ಬಿಳಿಯ ಜಾಗವಿದೆ.

ಅಲ್ಲಾಹನ ಬಳಿ ಅತ್ಯಂತ ಗೌರವಾನ್ವಿತರು ಯಾರೆಂಬುದನ್ನು ಅಲ್‌ಹುಜುರಾತ್ ಅಧ್ಯಾಯದ 13ನೇ ವಚನ ನಿರ್ಣಯಿಸಿಯಾಗಿದೆ. ಅಲ್ಲಿ ತಖ್ವಾದ ಹೊರತು ಬೇರೆ ಅಳತೆಗೋಲಿಲ್ಲ. ನಮ್ಮ ಬಾಯಿಂದಲೂ ಲೇಖನಿಯಿಂದಲೂ ಹೊರಟ ಸುಳ್ಳುಗಳನ್ನು ಅಲ್ಲಾಹನು ಕ್ಷಮಿಸಲಿ, ಹೆಸರು ಉಳಿಯದೆ ಮಣ್ಣಾದ ನಮ್ಮ ಹಿರಿಯರ ಮೇಲೆ ಕರುಣೆ ತೋರಲಿ. ಆಮೀನ್.